ಕಂಪನಿಯಿಂದ ಬರಬೇಕಿದ್ದ ಫೋನು

ಮಕ್ಕಳೇ, ನಿಮ್ಮ ತಾತನ ತಂಗಿಗೆ ಮನುಷ್ಯರ ಮುಖಗಳೇ ಗೊತ್ತಿರಲಿಲ್ಲ ಎಂದರೆ ನಂಬುತ್ತೀರಾ? ಕಣ್ಣೇನೋ ಚೆನ್ನಾಗಿಯೇ ಇತ್ತು. ಅಕ್ಕಿಯಲ್ಲಿ ಕಲ್ಲು ಆರಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೆ ದಾರದ ಕಂಪನಿಯೊಂದರಲ್ಲಿ ತಲೆ ನರೆಯುವವರೆಗೆ ಟೆಲಿಫೋನ್ ಆಪರೇಟರಾಗಿ ದುಡಿದು, ಜಗತ್ತನ್ನೆಲ್ಲ ಕಿವಿಯಿಂದಲೇ ಗುರುತಿಸುತ್ತಿದ್ದಳು. ಎದುರುಮನೆಯವರು ಬೀದಿಯಲ್ಲಿ ನಕ್ಕರೆ ಪಿಳಿಪಿಳಿ ನೋಡುವಳು; ಕೆಮ್ಮಿದರೆ ಸಾಕು, "ಓ, ನೀವಾ!" ಎನ್ನುವಳು.

ಮದುವೆಯಾಗದೆ ಚಾಮರಾಜಪೇಟೆಯ ನಮ್ಮ ಮನೆಯಲ್ಲೇ ಇದ್ದಳು. ಇಬ್ಬರು ಒಟ್ಟಿಗೆ ಮಾತಾಡಿಸಿದರೆ ಕೈಯೆತ್ತಿ, "ಒಬ್ಬರು ಹೋಲ್ಡ್ ಮಾಡಿ" ಎನ್ನುವಳು! ಒಮ್ಮೆ ತಾತ ದೇವರಮನೆಯಲ್ಲಿ ಗಂಟೆ ಬಾರಿಸಿದರೆ, ಅಡುಗೆಮನೆಯಿಂದ ಇವಳು "ನಮಸ್ಕಾರ, ಯಾರು ಬೇಕಾಗಿತ್ತು?" ಎಂದುಬಿಟ್ಟಳು.

"ದೇವರು ಬೇಕಾಗಿತ್ತಮ್ಮ, ಲೈನ್ ಕೊಡು" ಎಂದರು ತಾತ.

ಹಳ್ಳಿಯ ಶಾಲೆಯಲ್ಲಿ ಓದಿದ ನನಗೆ ಫೋನೆಂದರೆ ನಡುಕ. ಎತ್ತಿದರೆ ಬರೀ ಉಸಿರು ಬಿಡುತ್ತಿದ್ದೆ. ಆ ಕಡೆಯಿಂದ ಅವಳು, "ಅತ್ತಿಗೇ, ಉಸಿರಾಡ್ತಿದೀರಲ್ಲ, ಸಂತೋಷ! ನಾನು ಬರೋದು ತಡ ಆಗುತ್ತೆ" ಎಂದು ಇಟ್ಟುಬಿಡುವಳು.

ತೊಂಬತ್ತರ ದಶಕದ ಕೊನೆಗೆ ಕಂಪನಿಯಲ್ಲಿ ಫೋನನ್ನು ತಾನೇ ಎತ್ತುವ ಯಂತ್ರ ಬಂತು. ಮ್ಯಾನೇಜರು ಇವಳನ್ನು ಕರೆದು, "ನಾಳೆಯಿಂದ ಗೇಟಲ್ಲಿ ನಿಂತು ಹೆಂಗಸರ ಚೀಲ ಚೆಕ್ ಮಾಡಿ. ಸಂಬಳ ಸ್ವಲ್ಪ ಕಡಿಮೆ. ಬೇಡ ಅಂದ್ರೆ ರಾಜೀನಾಮೆ ಬರ್ಕೊಡಿ" ಎಂದರಂತೆ. ಮುಖವೇ ಗೊತ್ತಾಗದವಳಿಗೆ ಗೇಟಿನ ಕಾವಲು! ಬಂದವರನ್ನೆಲ್ಲ ಕೆಮ್ಮಿಸಿ ಒಳಗೆ ಬಿಡಬೇಕಾಗಿತ್ತೇನೋ!

ಯೂನಿಯನ್ನಿನವರೊಬ್ಬರು ಮನೆಗೆ ಬಂದು ಹೇಳಿದರು: "ಅಕ್ಕಾ, ದರ್ಜೆ ಇಳಿಸೋ ಕೆಲಸ ಬೇಡ ಅನ್ನೋ ಹಕ್ಕು ನಿಮಗಿದೆ. ಅವರಾಗೇ ತೆಗೆದ್ರೆ ನೋಟಿಸು ಕೊಡಬೇಕು, ಪರಿಹಾರ ಕೊಡಬೇಕು. ಮುಂದೆ ಆ ಕೆಲಸಕ್ಕೆ ಜನ ಬೇಕಾದ್ರೆ ಮೊದಲು ನಿಮ್ಮನ್ನೇ ಕರೀಬೇಕು. ನೀವಾಗೇ ರಾಜೀನಾಮೆ ಬರೆದ್ರೋ, ಎಲ್ಲಾ ಹೋಯ್ತು."

ಅಷ್ಟೇ ಸಾಕಾಯಿತು! ದಿನವೂ ಇಸ್ತ್ರಿ ಸೀರೆಯುಟ್ಟು ಹೋಗಿ, ವೈರು ಕತ್ತರಿಸಿದ ಟೆಲಿಫೋನ್ ಬೋರ್ಡಿನ ಮುಂದೆ ಹೆಡ್‌ಫೋನ್ ಹಾಕಿಕೊಂಡು ಕೂತಳು. ಕುರ್ಚಿ ತೆಗೆದರು, ನಿಂತಳು. ಬೋರ್ಡನ್ನೇ ಕಿತ್ತೊಯ್ದರು, ಗೋಡೆಯ ಮುಂದೆ ನಿಂತಳು. ಮ್ಯಾನೇಜರು ಬಂದು "ಏನಮ್ಮಾ, ರಾಜೀನಾಮೆ ಯಾವಾಗ?" ಎಂದರೆ, ಬೆರಳೆತ್ತಿ "ಹೋಲ್ಡ್ ಮಾಡಿ ಸಾರ್!" ಎನ್ನುವಳಂತೆ.

ಅದನ್ನು ಮನೆಯಲ್ಲಿ ಅಭಿನಯಿಸಿ ನಗಿಸುವಳು. ಆದರೆ ಅವಳೊಡನೆ ಮಾತಾಡಕೂಡದೆಂದು ಜೊತೆಯವರಿಗೆಲ್ಲ ತಾಕೀತಾಗಿತ್ತು. ಧ್ವನಿಗಳಿಂದಲೇ ಬದುಕಿದವಳಿಗೆ ದಿನವಿಡೀ ಒಂದು ಧ್ವನಿಯೂ ಇಲ್ಲ. ಸಂಜೆ ಅವಳ ಊದಿದ ಕಾಲಿಗೆ ನಾನು ಬಿಸಿನೀರು ಹೊಯ್ಯುತ್ತಿದ್ದೆ.

"ಬಿಟ್ಟುಬಿಡೇ. ಎರಡು ಹೊತ್ತಿನ ಊಟಕ್ಕೆ ನಾನಿಲ್ವಾ?" ಎಂದರು ತಾತ.

"ಊಟ ನೀನು ಹಾಕ್ತೀಯ ಅಣ್ಣ. ನಾನು ಬೇಡವಾದೆ ಅಂತ ನನ್ನ ಕೈಲೇ ಯಾಕೆ ಬರೆಸ್ಬೇಕು?"

ಕೊನೆಗೆ ವಿಷಯ ಕಾರ್ಮಿಕ ಇಲಾಖೆಗೆ ಹೋಗಿ, ಕಂಪನಿಯೇ ಅವಳನ್ನು ತೆಗೆದು ಪರಿಹಾರ ಕೊಟ್ಟಿತು. ಗೆದ್ದಳು. ಗೆದ್ದು ಮನೆಯಲ್ಲಿ ಕೂತಳು.

ಆಮೇಲೆ ಶುರುವಾಯಿತು ನೋಡಿ, ನಮ್ಮ ಪಾಡು! ಯಾರು ಫೋನ್ ಹಿಡಿದರೂ "ಲೈನ್ ಬಿಡಿ, ಕಂಪನಿಯಿಂದ ಕರೀಬಹುದು!" ನಿಮ್ಮ ಅಪ್ಪನ ಮದುವೆಯ ಪತ್ರಿಕೆ ಅಚ್ಚು ಹಾಕುವವರು ಸುಲ್ತಾನ್‌ಪೇಟೆಯಿಂದ ವರನ ಹೆಸರು ಕೇಳಿದರೆ, ಹೇಳುವ ಮೊದಲೇ ಇಟ್ಟುಬಿಟ್ಟಳು. ತಾತ ಸುಡುಬಿಸಿಲಲ್ಲಿ ಅಲ್ಲಿಗೇ ನಡೆದುಹೋಗಿ, ಮಗನ ಹೆಸರು ಹೇಳಿ ಬಂದರು!

ತಾತ ತೀರಿಹೋದರು. ಕಂಪನಿಯೂ ಬಾಗಿಲು ಹಾಕಿತು. ಕಂಪನಿ ಮುಚ್ಚಿದ್ದನ್ನು ಅವಳಿಗೆ ಹೇಳುವ ಧೈರ್ಯ ನಮಗ್ಯಾರಿಗೂ ಬರಲಿಲ್ಲ. ಹಾಸಿಗೆ ಹಿಡಿದ ಮೇಲೆ ಫೋನನ್ನು ದಿಂಬಿನ ಪಕ್ಕಕ್ಕೆ ಇಡಿಸಿಕೊಂಡಳು. ಒಂದು ಮಧ್ಯಾಹ್ನ, "ಅತ್ತಿಗೇ, ಫೋನ್ ಸರಿಯಾಗಿದೆಯಾ ನೋಡಿ" ಎಂದಳು. ನೋಡಿದೆ. ಸರಿಯಾಗಿಯೇ ಇತ್ತು.

ಮೊಸರು ತರುತ್ತೇನೆಂದು ಹೇಳಿ ಹೊರಟು, ಮೂಲೆಯ ಫೋನ್ ಬೂತಿನೊಳಗೆ ಹೋಗಿ ಮನೆಯ ನಂಬರು ಒತ್ತಿದೆ. ‘ಕಂಪನಿಯಿಂದ ಮಾತಾಡುವುದು’ ಎಂಬ ಒಂದು ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ.

"ನಮಸ್ಕಾರ, ಯಾರು ಬೇಕಾಗಿತ್ತು?"

ಆ ಕಡೆಗೆ ನನ್ನ ಉಸಿರು ಮಾತ್ರ ಹೋಯಿತು.

ಅಲ್ಲಿಂದ ಅವಳ ಹಳೆಯ ಆಫೀಸಿನ ಧ್ವನಿ ಕೇಳಿತು.

"ಹೇಳಿ ಸಾರ್… ಹೌದಾ ಸಾರ್?… ಬೋರ್ಡಿಗೇ ತಾನೇ, ಗೇಟಿಗಲ್ಲವಲ್ಲ?… ಆಗಲಿ ಸಾರ್, ಸೋಮವಾರ ಬರ್ತೀನಿ."

ಆಮೇಲೆ, ಮೆಲ್ಲಗೆ: "ಇಡಿ ಅತ್ತಿಗೆ. ಅಳ್ತಾ ರಸ್ತೆ ದಾಟ್ಬೇಡಿ. ಮೊಸರು ಮರೀಬೇಡಿ."