ಕೀವಿಗೆ ಬಡಿಸಿದ ಎಲೆ

ವಿಜಯಪುರದಿಂದ ಮದುವೆಯಾಗಿ ಬಂದು ನಾನು ತುಳುನಾಡಿನ ಈ ವೇಣೂರಿನಲ್ಲೇ ಮುದುಕಿಯಾದೆ. ನಮ್ಮ ಮನೆಯಲ್ಲಿ ಯಾರಿಗೆ ಕಾಯಿಲೆ ಬಂದರೂ ಔಷಧಿಗಿಂತ ಮೊದಲು ಸತ್ತವರೊಬ್ಬರ ಕಾಟದ ಸುದ್ದಿ ಬರುತ್ತದೆ. ಈ ಸಲ ಬಂದದ್ದು ನನ್ನ ಕಾಲ್ಬೆರಳಿನಿಂದ.

ಹಸಿರು

ಸಕ್ಕರೆ ಕಾಯಿಲೆಯವಳು ನಾನು. ಹೆಬ್ಬೆರಳಿಗೆ ಮುಳ್ಳು ಚುಚ್ಚಿ ಕೀವಾಯಿತು. ಅದೂ ಹಸಿರು ಕೀವು. ನಮ್ಮ ಜೊತೆಗಿರುವ ಗಂಡನ ಅಕ್ಕ, ನನ್ನ ಅತ್ತಿಗೆ, ನೋಡಿದವರೇ ಹಿಂದೆ ಸರಿದರು.

"ಮನುಷ್ಯರ ಮೈಯಿಂದ ಹಸಿರು ಬರುವುದುಂಟಾ ಮಾರಾಯ್ತಿ? ಇದು ಬೇರೆ ಯಾರದ್ದೋ."

ಗುರುವಾಯನಕೆರೆಯ ಡಾಕ್ಟ್ರಮ್ಮ ನಕ್ಕರು. "ನಿಮ್ಮದೇ ಬಿಳಿ ರಕ್ತಕಣಗಳಮ್ಮ. ನೀವು ಉಸಿರಾಡಿದ ಆಮ್ಲಜನಕದಿಂದಲೇ ಬ್ಲೀಚಿಂಗ್ ಪುಡಿಯಂಥ ವಿಷ ಮಾಡಿ ರೋಗಾಣುಗಳನ್ನು ಸುಡ್ತವೆ. ಆಮೇಲೆ ತಾವೂ ಸಾಯ್ತವೆ. ಆ ವಿಷ ಮಾಡಿಸುವ ವಸ್ತುವಿನ ಬಣ್ಣವೇ ಹಸಿರು. ಕೀವು ಅಂದ್ರೆ ಅವುಗಳ ಹೆಣ."

ಉರಿ ಹೆಚ್ಚಾದರೆ ನಮ್ಮ ಮಾಂಸವನ್ನೂ ಸುಡುತ್ತವಂತೆ. ವಾರದ ಮಾತ್ರೆಗೆ ಬಾವು ಇಳಿಯದಿದ್ದರೆ ಬೆರಳು ತೆಗೆಯಬೇಕು ಎಂದರು. ನಾನು ಮಾತ್ರೆ ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡೆ.

ಜೊತೆಗೆ ಬಂದಿದ್ದ ಅತ್ತಿಗೆ ಮಾತ್ರ, "ಹೆಣ ಅಂತ ಡಾಕ್ಟ್ರೇ ಒಪ್ಪಿದರಲ್ಲ!" ಎಂದರು.

ಬೆಳಕು

ಸುಡುವಾಗ ಆ ಕಣಗಳು ಸಣ್ಣಗೆ ಬೆಳಕನ್ನೂ ಬಿಡುತ್ತವೆ, ಅದು ಯಂತ್ರಕ್ಕೆ ಮಾತ್ರ ಕಾಣುತ್ತದೆ ಎಂದೂ ಡಾಕ್ಟ್ರಮ್ಮ ಹೇಳಿದ್ದರು. ಅತ್ತಿಗೆಗೆ ಯಂತ್ರ ಬೇಕಿರಲಿಲ್ಲ. ಮರುದಿನ ಮಧ್ಯಾಹ್ನ ಅಕ್ಕಿ ಕೋಣೆಯ ಕಿಟಕಿ ಮುಚ್ಚಿ, ನನ್ನ ಬ್ಯಾಂಡೇಜ್ ಬಿಚ್ಚಿಸಿದರು. ಇಬ್ಬರು ಮುದುಕಿಯರು ಒಂದು ಬೆರಳನ್ನೇ ದಿಟ್ಟಿಸುತ್ತ ಕುಳಿತೆವು.

"ಕಾಣ್ತದೆ," ಎಂದು ಅತ್ತಿಗೆ ಪಿಸುಗುಟ್ಟಿದರು.

ನನಗೂ ಕಂಡಿತು. ಬೆರಳಿನಾಚೆ ಎರಡು ಹಸಿರು ಚುಕ್ಕಿ. ಅಲುಗಲಿಲ್ಲ. ನಾವು ಉಸಿರು ಬಿಗಿಹಿಡಿದಂತೆಯೇ ಎರಡೂ ಒಟ್ಟಿಗೆ ಮಿಟುಕಿದವು.

ನಮ್ಮ ಮನೆಯ ಬೆಕ್ಕು "ಮ್ಯಾಂವ್" ಎನ್ನುವಷ್ಟರಲ್ಲಿ, ಮೊಣಕಾಲು ನೋವಿನ ಅತ್ತಿಗೆ ಅಂಗಳ ದಾಟಿಯಾಗಿತ್ತು.

ಎಲೆ

ಮಳೆಗಾಲದ ಆಟಿ ತಿಂಗಳಲ್ಲಿ ಇಲ್ಲಿ ಸತ್ತ ಹಿರಿಯರಿಗೆ ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕಾಯುವ ಕ್ರಮ ಉಂಟು. ಅದೇ ವಾರ ಆ ದಿನವೂ ಬಂತು. ಅತ್ತಿಗೆ ಒಂದು ಎಲೆ ಹೆಚ್ಚು ಹಾಕಿದರು.

"ನಿನಗಾಗಿ ಸತ್ತವರಿಗೆ ಒಂದು ತುತ್ತು ಬೇಡವಾ?" ಅನ್ನ ಬಡಿಸಹೊರಟವರು ಕೈ ತಡೆದರು. "ಆ ಕಣಗಳು ಹುಟ್ಟುವುದೆಲ್ಲಿ?"

"ಎಲುಬಿನೊಳಗಂತೆ."

"ನಿನ್ನ ಎಲುಬು ವಿಜಯಪುರದ್ದು. ಇಲ್ಲಿನ ಕುಚ್ಚಲಕ್ಕಿ ಹಿಡಿಸಲಿಕ್ಕಿಲ್ಲ." ನನ್ನ ತವರಿನಿಂದ ಬಂದಿದ್ದ, ಜೋಳದ ಒಣ ಕಟಿ ರೊಟ್ಟಿಯನ್ನೇ ಬಡಿಸಿದರು.

ಹೊರಗೆ ಕುಳಿತೆವು. ಬೆಕ್ಕು ನನ್ನ ಮಡಿಲಲ್ಲೇ ಇತ್ತು. ಮುಚ್ಚಿದ ಬಾಗಿಲಿನ ಒಳಗೆ ಏನೋ 'ಕಟಂ' ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ 'ಕಟಂ'. ನನ್ನ ಬೆರಳು ಜುಮ್ಮೆಂದಿತು. ಬಾಗಿಲು ತೆರೆದಾಗ ಹಿರಿಯರ ಅನ್ನ ಹಾಗೆಯೇ ಇತ್ತು. ರೊಟ್ಟಿ ಮಾತ್ರ ಅರ್ಧವಾಗಿತ್ತು.

"ಇಲಿ," ಎಂದೆ. ಎತ್ತಿಕೊಂಡಿದ್ದ ಬೆಕ್ಕನ್ನು ಮಾತ್ರ ಕೆಳಗೆ ಬಿಡಲಿಲ್ಲ.

ವಾರ ಮುಗಿದು ಡಾಕ್ಟ್ರಮ್ಮ ಬೆರಳು ನೋಡಿದರು. ಕೀವಿಲ್ಲ, ಬಾವಿಲ್ಲ. ಬೆರಳು ಉಳಿಯಿತು. "ಮಾತ್ರೆ ಚೆನ್ನಾಗಿ ಹಿಡಿಯಿತು," ಎಂದರು.

ಅತ್ತಿಗೆ ನನ್ನ ಕಿವಿಯ ಹತ್ತಿರ ಬಗ್ಗಿದರು. "ನನ್ನ ಮೊಣಕಾಲೂ ಊದಿದೆ ಮಾರಾಯ್ತಿ. ನಿನ್ನವರನ್ನು ಸ್ವಲ್ಪ ಈ ಕಡೆ ಕಳಿಸ್ಲಿಕ್ಕೆ ಆಗ್ತದಾ? ಅರ್ಧ ರೊಟ್ಟಿ ಇನ್ನೂ ಉಂಟು."