ಹಸಿವು ಹುಡುಕಿಕೊಂಡು ಹೊರಟ ಕಾಕಾ

ನಮ್ಮ ಕಾಕಾ ಪ್ರವಾಸಕ್ಕೆ ಊರು ಆರಿಸುವ ಪರಿ ನೋಡಿದರೆ, ಹುಡುಗಿ ನೋಡಲು ಹೋಗುವ ಬೀಗರೂ ನಾಚಿ ತಲೆ ತಗ್ಗಿಸಬೇಕು! ಊರು ಚೆಂದವಿದೆಯೇ ಎಂದು ಅವರು ಕೇಳುವುದಿಲ್ಲ. ಅಲ್ಲಿ ಯಾವ ದೇವರಿದ್ದಾನೆ ಎಂದೂ ಕೇಳುವುದಿಲ್ಲ. ಹಗಲಲ್ಲಿ ಕೈಕಾಲು ನಡುಗಿಸುವಂಥ ಆಟ ಏನಿದೆ? ಸಂಜೆಗೆ ಕುರ್ಚಿ ಎಳೆದು ಕೂಡಿಸಿ, ಒಂದಾದ ಮೇಲೊಂದು ತಂದು ಬಡಿಸುವ ಹೋಟೆಲು ಇದೆಯೋ ಇಲ್ಲವೋ? ಇಷ್ಟೇ ಅವರ ಪ್ರಶ್ನೆ. ಎರಡರಲ್ಲಿ ಒಂದು ಕಡಿಮೆಯಾದರೂ ಆ ಊರಿಗೆ ನಮ್ಮ ಕಾರು ಹೋಗುವುದಿಲ್ಲ. ಆ ಕಾರು ಓಡಿಸುವವಳು ನಾನೇ ಆದ್ದರಿಂದ ಈ ಮಾತನ್ನು ಅಧಿಕಾರದಿಂದ ಹೇಳುತ್ತಿದ್ದೇನೆ.

ಇಂಥ ಆಟಗಳಿಗೆಲ್ಲ ಕಾಕಾ ಹುಟ್ಟಾ ಧೀರರು ಎಂದುಕೊಳ್ಳಬೇಡಿ. ಸೊಲ್ಲಾಪುರದ ಹಳೇ ಪೇಟೆಯಲ್ಲಿ ನಮ್ಮದು ಚಾದರ, ಟಾವೆಲ್ಲುಗಳ ಅಂಗಡಿ. ಅಲ್ಲಿ ಮೇಲಿನ ಕಪಾಟಿನ ಗಂಟು ಇಳಿಸಲು ಏಣಿಯ ಮೂರನೆಯ ಮೆಟ್ಟಿಲು ಹತ್ತಿದರೆ ಸಾಕು, ಕಾಕಾನಿಗೆ ತಲೆ ಸುತ್ತುತ್ತದೆ. ಈಜು ಬಾರದು. ಅವರು ಕಂಡಿದ್ದ ಊಟದ ಸೊಗಸು ಎಂದರೆ ಮದುವೆಯ ಪಂಕ್ತಿ, ಹೆಚ್ಚೆಂದರೆ ಸ್ಟೇಷನ್ ರಸ್ತೆಯ ಥಾಳಿ. ಹೀಗಿದ್ದವರು ಅರವತ್ತು ದಾಟಿದ ಮೇಲೆ ದಿಢೀರನೆ ‘ಪ್ಯಾರಾಗ್ಲೈಡಿಂಗ್’, ‘ಕಯಾಕಿಂಗ್’, ‘ಫೈನ್ ಡೈನಿಂಗ್’ ಎಂದು ಮಾತಾಡಲು ಶುರು ಮಾಡಿದರೆ ಮನೆಯವರಿಗೆ ಹೇಗಾಗಬೇಡ? ನಮ್ಮಪ್ಪ ಒಂದೇ ಮಾತಿನಲ್ಲಿ ಮುಗಿಸಿದರು: “ನನ್ನ ತಮ್ಮಗ ತಲಿ ತಿರುಗ್ಯಾದ.”

ತಲೆ ತಿರುಗಿರಲಿಲ್ಲ. ಕಾರಣ ಕಾಕು, ಅಂದರೆ ಕಾಕಾನ ಹೆಂಡತಿ, ನನ್ನ ಚಿಕ್ಕಮ್ಮ. ಹೋದ ಮಳೆಗಾಲದಲ್ಲಿ ಅವಳಿಗೆ ಟೈಫಾಯ್ಡ್ ಆಯಿತು. ಜ್ವರ ಬಿಟ್ಟಿತು, ರಿಪೋರ್ಟುಗಳೆಲ್ಲ ಸ್ವಚ್ಛವಾದವು, ಆದರೆ ಜ್ವರದ ಜೊತೆಗೆ ಹೊರಟುಹೋದ ಹಸಿವು ಮಾತ್ರ ತಿರುಗಿ ಬರಲಿಲ್ಲ. ನಮ್ಮ ಮನೆಯ ಪದ್ಧತಿ ನಿಮಗೆ ಗೊತ್ತಿರಲಿಕ್ಕಿಲ್ಲ. ಗಂಡಸರು ಉಣ್ಣಬೇಕು, ಮಕ್ಕಳು ಉಣ್ಣಬೇಕು, ಬಂದವರು ಉಣ್ಣಬೇಕು, ಆಮೇಲೆ ಕಾಕು. ತಳ ಹಿಡಿದ ಪಲ್ಯ, ಮುರಿದ ಜೋಳದ ಭಕ್ಕರಿ ಅವಳ ಪಾಲು. ಈ ಪದ್ಧತಿಯನ್ನು ಯಾರೂ ಅವಳ ಮೇಲೆ ಹೇರಿದ್ದು ನಾನು ಕಂಡಿಲ್ಲ, ಯಾರೂ ಬಿಡಿಸಿದ್ದನ್ನೂ ಕಂಡಿಲ್ಲ. ಜ್ವರದ ನಂತರ ಅವಳು ಎಲ್ಲರಿಗೂ ಬಡಿಸಿ, ಕೊನೆಗೆ ತಾಟು ಎದುರಿಗಿಟ್ಟುಕೊಂಡು, “ಒಗ್ಗರಣಿ ವಾಸನಿಗೇ ಹೊಟ್ಟಿ ತುಂಬಿತು” ಎಂದು ಎದ್ದುಬಿಡುತ್ತಿದ್ದಳು. ಕೈಯ ಬಳೆಗಳು ಮೊಣಕೈತನಕ ಜಾರತೊಡಗಿದವು. ಮನೆಯ ಮೇಲಿನ ಗಚ್ಚಿಯ ಮೆಟ್ಟಿಲು ಹತ್ತುವಾಗ ನಡುವೆ ಕುಳಿತುಕೊಳ್ಳತೊಡಗಿದಳು. ನಮಗೆಲ್ಲ ಭಯವಾಗಿತ್ತು, ಆದರೆ ಬಾಯಿಬಿಟ್ಟು ಆಡುವ ಧೈರ್ಯ ಯಾರಿಗಿತ್ತು?

ಡಾಕ್ಟರು, “ಔಷಧದ ಕೆಲಸ ಮುಗೀತ್ರಿ. ಇನ್ನ ಊಟ ಹೋಗಬೇಕು. ಹವಾ ಬದಲ ಮಾಡ್ರಿ, ಕೈಕಾಲು ಆಡಲಿ, ಮನಸು ಅರಳಲಿ” ಎಂದರು. ಬೇರೆ ಯಾರೇ ಆಗಿದ್ದರೂ ಹೆಂಡತಿಯನ್ನು ಸಂಜೆ ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದರು. ನಮ್ಮ ಕಾಕಾ ಮೂರು ದಿನ ಗಲ್ಲಾದ ಮುಂದೆ ಕುಳಿತು ಯೋಚಿಸಿ, ನಾಲ್ಕನೆಯ ದಿನ ನನ್ನನ್ನು ಕರೆದರು.

“ಕೇಳ ಪೋರಿ. ದಣದ್ರ ಹಸಿವಾಗ್ತದ, ಹೌದಲ್ಲ? ಮನ್ಯಾಗ ದಣದ್ರ ಆಕಿ ಮತ್ತ ಅಡಗಿಮನಿಗೇ ಹೋಗ್ತಾಳ. ಅದಕ್ಕ ಹೊರಗ ಒಯ್ದು ದಣಸಬೇಕು. ಆಮ್ಯಾಲ ಆಕಿ ಏಳಾಕ ಬರಲಾರದಂಥಾ ಕುರ್ಚಿ ಮ್ಯಾಲ ಕೂಡ್ಸಿ, ಬ್ಯಾರೆಯವರ ಕಡಿಂದ ಬಡಸಬೇಕು. ಎರಡೂ ಒಂದ ಊರಾಗ ಆಗಬೇಕು. ನೀ ಮೊಬೈಲಿನ್ಯಾಗ ಊರು ಹುಡುಕು.”

ಹುಡುಕಿದೆ. ನಾನು ಹುಡುಕುವುದು, ಕಾಕಾ ತಳ್ಳಿಹಾಕುವುದು! ಬಾದಾಮಿ ಹತ್ತಿರದಲ್ಲೇ ಇದೆ, ಬಂಡೆ ಹತ್ತಿಸುತ್ತಾರೆ ಎಂದೆ. “ಬಂಡಿ ಅದಾವ. ಕುರ್ಚಿ ಎಳದು ಕೂಡ್ಸಾವ್ರು ಅದಾರೇನು?” ಮಹಾಬಳೇಶ್ವರ ಎಂದೆ. “ಅಲ್ಲಿ ದಾರಿ ತುಂಬ ಏನರೆ ತಿನಸ್ತಾರ. ಹಸಿವ ಆಗಾಕ ಬಿಡೂದಿಲ್ಲ.” ಕೊಂಕಣದಲ್ಲಿ ಸಮುದ್ರದ ಬುಡಕ್ಕೇ ಇಳಿಸುವ, ದೊಡ್ಡ ಹೋಟೆಲೂ ಇರುವ ಒಂದು ಊರು ಸಿಕ್ಕಿತು. ಅದು ಹೆಚ್ಚುಕಡಿಮೆ ಪಾಸಾಗಿತ್ತು. ಆದರೆ ಆ ಹೋಟೆಲಿನಲ್ಲಿ ರಾತ್ರಿ ಊಟ ಬಫೆ ಎಂದು ತಿಳಿದಾಗ ಕಾಕಾನ ಮುಖ ಕಪ್ಪಿಟ್ಟಿತು. “ಬಫೆ ಅಂದ್ರ ಆಕಿ ನಮ್ಮ ತಾಟು ತುಂಬಕೋತ ನಿಂದರ್ತಾಳ. ಅದಕ್ಕ ಅಷ್ಟ ದೂರ ಯಾಕ ಹೋಗಬೇಕು, ನಮ್ಮ ಅಡಗಿಮನಿ ಏನ ಕಡಿಮಿ ಅದ?”

ಕೊನೆಗೆ ಹೋಟೆಲುಗಳಿಗೆ ತಾವೇ ಫೋನ್ ಮಾಡತೊಡಗಿದರು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ ಆಡುವ ನಮ್ಮ ಕಾಕಾನ ಹಿಂದಿ ಸೊಲ್ಲಾಪುರ ದಾಟಿದರೆ ಯಾರಿಗೂ ತಿಳಿಯುವುದಿಲ್ಲ. ಒಂದು ದೊಡ್ಡ ಹೋಟೆಲಿಗೆ, “ಹಮಾರೀ ಬಾಯಕೋಕು ಕುರ್ಚಿಸೆ ಉಠನೇ ನಕ್ಕೋ ದೇವ್” ಎಂದರು. ಹೆಂಡತಿಯನ್ನು ಕುರ್ಚಿಯಿಂದ ಏಳಗೊಡಬೇಡಿ ಎಂಬ ವಿನಂತಿ ಕೇಳಿದ ಹೋಟೆಲಿನ ಹೆಣ್ಣುಮಗಳು, “ಸರ್, ಮೇಡಂ ಅವರಿಗೆ ಒಮ್ಮೆ ಫೋನ್ ಕೊಡ್ತೀರಾ?” ಎಂದು ಕೇಳಿದಳಂತೆ. ಪಾಪ, ಅವಳು ಏನೆಂದುಕೊಂಡಿರಬೇಕು!

ಅಂತೂ ಪುಣೆ ಪಾಸಾಯಿತು. ಊರಾಚೆಯ ಗುಡ್ಡಗಳಲ್ಲಿ ಹಗಲು ಪ್ಯಾರಾಗ್ಲೈಡಿಂಗ್, ರಾತ್ರಿ ಪುಣೆಯಲ್ಲಿ ಊಟ. ಗುಡ್ಡದ ಮೇಲಿಂದ ಕಾಕುವನ್ನು ಹಾರಿಸಬೇಕೆಂದು ಕಾಕಾನ ಯೋಜನೆ. ಕಾಕು ತನ್ನ ಇಳಕಲ್ ಸೀರೆಯನ್ನೊಮ್ಮೆ, ಆಕಾಶವನ್ನೊಮ್ಮೆ ನೋಡಿ, “ನೀವ ಹೋಗಿ ಬರ್ರಿ. ನಾ ಚಪ್ಪಲಿ ಕಾಯ್ತೀನಿ” ಎಂದಳು. ಹಾರುವ ಮುಂಚೆ ಎಲ್ಲರೂ ಬೂಟು ಹಾಕಿಕೊಳ್ಳಬೇಕಿತ್ತು. ಹತ್ತು ನಿಮಿಷದಲ್ಲಿ ಗುರುತು ಪರಿಚಯವಿಲ್ಲದವರೂ ಅವಳ ಮುಂದೆ ತಮ್ಮ ಚಪ್ಪಲಿ, ಚೀಲ, ಕನ್ನಡಕ ಇಟ್ಟು ಹೋದರು. ಕಾಕು ಆ ರಾಶಿಯ ನಡುವೆ ನೆಮ್ಮದಿಯಾಗಿ ಕುಳಿತಳು.

ಹೆಂಡತಿ ನೋಡಿ ಹುರುಪಾಗಲಿ ಎಂದು ಕಾಕಾ ತಾವೇ ಹಾರಿದರು. ಏಣಿಯ ಮೂರನೆಯ ಮೆಟ್ಟಿಲಿಗೆ ತಲೆ ಸುತ್ತುವ ಮನುಷ್ಯ! ಮೇಲೆ ಇದ್ದಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡಿದ್ದರೆಂದು ಜೊತೆಗಿದ್ದ ಪೈಲಟ್ ಹೇಳಿದ. ಇಳಿದವರೇ ಒಂದು ಪೊದೆಯ ಹಿಂದೆ ಹೋಗಿ ಬೆಳಗಿನ ನಾಷ್ಟಾ ಎಲ್ಲ ಹೊರಹಾಕಿದರು. ಕಾಕು ಓಡಿಹೋಗಿ ಬೆನ್ನು ನೀವಿದಳು, ನೀರು ಕುಡಿಸಿದಳು, ತಿರುಗಿ ಬಂದು ಚಪ್ಪಲಿ ಕಾಯತೊಡಗಿದಳು. ದಣಿಯಬೇಕಾದವಳು ನೆರಳಲ್ಲಿ ಕುಳಿತಿದ್ದಳು, ದಣಿದವರು ಮಲಗಿದ್ದರು.

ರಾತ್ರಿಯ ಹೋಟೆಲಿನಲ್ಲಿ ಬಿಳಿ ಮೇಜುಬಟ್ಟೆ, ಮಂದ ದೀಪ, ಕೋಟು ತೊಟ್ಟ ದಪ್ಪ ಮೀಸೆಯ ವೇಟರ್. ಕುರ್ಚಿ ಎಳೆದು ಮೊದಲು ಕಾಕುವನ್ನೇ ಕೂಡಿಸಿದ. ಕಾಕಾ ಮೇಜಿನ ಕೆಳಗಿಂದ ನನ್ನ ಕಾಲಿಗೆ ತಟ್ಟಿದರು, ನೋಡಿದೆಯಾ ಎಂಬಂತೆ. ಸೂಪು ಬಂತು. ನಾನು ಕುಡಿದೆ. ಕಾಕು ಮುಟ್ಟಲಿಲ್ಲ.

“ಕುಡಿ” ಎಂದರು ಕಾಕಾ.

“ನೀವ ಕುಡೀರಿ ಮೊದಲ.”

“ನೀ ಕುಡಿಯೂತನಕ ನಾ ಚಮಚಾ ಮುಟ್ಟೂದಿಲ್ಲ.”

ಆ ಹೋಟೆಲಿನ ರೀತಿ ಏನೆಂದರೆ, ಎಲ್ಲರ ತಾಟು ಖಾಲಿಯಾದ ಮೇಲೆಯೇ ಮುಂದಿನದು ಬರುವುದು. ಇವರಿಬ್ಬರೂ ಸೂಪಿನ ಮುಂದೆ ಕೈಕಟ್ಟಿ ಕುಳಿತರು. ಪಕ್ಕದ ಮೇಜಿನವರು ಸಿಹಿ ತಿಂದು ಎದ್ದುಹೋದರು, ಹೊಸಬರು ಬಂದು ಕುಳಿತರು, ನಮ್ಮದಿನ್ನೂ ಸೂಪು! ಕೊನೆಗೆ ವೇಟರ್ ಹತ್ತಿರ ಬಂದು, ರುಚಿಯಲ್ಲಿ ಏನಾದರೂ ಕೊರತೆಯೇ ಎಂದು ಮರಾಠಿಯಲ್ಲಿ ವಿಚಾರಿಸಿದ. ಕಾಕು ಅವನ ಮುಖ ನೋಡಿ ಕೇಳಿದಳು: “ತುಮ್ಹೀ ಜೇವಲಾತ ಕಾ, ದಾದಾ?”

ಊಟವಾಯಿತೇ ಅಣ್ಣಾ ಎಂದು ಆ ಹೋಟೆಲಿನಲ್ಲಿ ಅವನನ್ನು ಯಾರೂ ಕೇಳಿರಲಿಕ್ಕಿಲ್ಲ. ಅವನು ಗಲಿಬಿಲಿಯಾಗಿ ನಿಜವನ್ನೇ ಹೇಳಿಬಿಟ್ಟ: ಇಲ್ಲ, ಗಿರಾಕಿಗಳೆಲ್ಲ ಹೋದ ಮೇಲೆ ನಮ್ಮ ಊಟ.

“ನೋಡ್ರಿ, ಆ ಮನಷ್ಯಾ ಇನ್ನ ಉಂಡಿಲ್ಲ. ನಾ ಹೆಂಗ ಉಣ್ಣಲಿ?” ಎಂದು ಕಾಕು ತನ್ನ ಸೂಪಿನ ಬಟ್ಟಲನ್ನು ಅವನ ಕಡೆಗೆ ಸರಿಸಿದಳು. ಕಾಕಾ ಹಣೆ ಹಿಡಿದುಕೊಂಡರು.

ಮರಳಿ ಬರುವಾಗ ಇಂದಾಪುರ ದಾಟಿತ್ತು. ಕಾಕು ಹಿಂದೆ ನಿದ್ದೆ ಹೋಗಿದ್ದಳು. ಕಾಕಾ ಮೆಲ್ಲನೆ ಹೇಳಿದರು: “ಊರು ತಪ್ಪಿತು ಪೋರಿ. ಹಿಸಾಬ ತಪ್ಪಿಲ್ಲ.”

ಅದಾದ ಕೆಲ ದಿನಗಳಿಗೆ ಕಾಕುವೇ ಒಂದು ಊರು ಸೂಚಿಸಿದಳು. ಕುಳಿತು ಉಣ್ಣುವುದೇ ಆದರೆ ಅಕ್ಕಲಕೋಟೆಯ ಅನ್ನಛತ್ರಕ್ಕೆ ಹೋಗೋಣ, ದೇವರ ದರ್ಶನವೂ ಆದೀತು ಎಂದು. ಆಟದ ಪ್ರಶ್ನೆಯಲ್ಲಿ ನಾಪಾಸಾದ ಊರು ಅದು, ಆದರೂ ಕಾಕಾ ಒಪ್ಪಿದರು. ಕೈ ತೊಳೆದು ಬರುತ್ತೇನೆಂದು ಹೋದ ಕಾಕು ಎಷ್ಟು ಹೊತ್ತಾದರೂ ಬರಲಿಲ್ಲ. ನಮ್ಮ ಸಾಲಿಗೆ ಬಡಿಸುತ್ತ ಬಂದವರು ತಾಟಿಗೆ ಅನ್ನ ಹಾಕಿ, “ಇನ್ನೊಂದ ಸ್ವಲ್ಪ ಹಾಕ್ಲಿ?” ಎಂದಾಗ ತಲೆ ಎತ್ತಿ ನೋಡಿದೆವು. ಕಾಕು! ಕೈಯಲ್ಲಿ ಬಕೀಟು! ಆ ದಿನ ಅವಳು ಎಷ್ಟೋ ಪಂಕ್ತಿಗೆ ಬಡಿಸಿದಳು. ತಾನು ಒಂದು ತುತ್ತು ಪ್ರಸಾದ ಬಾಯಿಗೆ ಹಾಕಿಕೊಂಡು ಸಾಕೆಂದಳು.

ಮನೆಗೆ ಬಂದ ಮೇಲೆ ಅಪ್ಪ ಸಿಟ್ಟಾದರು. “ಸುಮ್ನ ಮನ್ಯಾಗಿರು. ಆಕಿನ್ನ ಊರೂರು ತಿರುಗಿಸಿ ಇನ್ನಷ್ಟ ಸೊರಗಸಬ್ಯಾಡ.” ಅಣ್ಣನಿಗೆ ಎದುರಾಡಿದ್ದು ಗೊತ್ತೇ ಇಲ್ಲದ ಕಾಕಾ ಅಂದು ಎದುರಾಡಿದರು. “ಅಣ್ಣಾ, ಸುಮ್ನ ಕುಂತ್ರ ಆಕಿ ನಮ್ಮ ಕಣ್ಣ ಮುಂದ ಕರಗಿ ಹೋಗ್ತಾಳ. ನನಗ ಸುಮ್ನ ಕೂಡ್ರಾಕ ಆಗೂದಿಲ್ಲ.”

ಮುಂದಿನ ಊರು ಎಲ್ಲಿ ಸಿಕ್ಕಿತು ಗೊತ್ತೇ? ಊರೆಲ್ಲ ಜಾಲಾಡಿ ಕೊನೆಗೆ ಮನೆಯಂಗಳಕ್ಕೇ ಬಂದಂತೆ, ಅಕ್ಕಲಕೋಟೆ ತಾಲೂಕಿನ ಕುರನೂರು ಅಣೆಕಟ್ಟಿನಲ್ಲಿ. ಅಲ್ಲಿನ ಹಿನ್ನೀರಿನಲ್ಲಿ ಯಾರೋ ಉತ್ಸಾಹಿಗಳು ಎರಡು ಕಯಾಕ್ ದೋಣಿ ತಂದು ಬಿಟ್ಟಿದ್ದಾರೆಂದು ಒಬ್ಬ ಗಿರಾಕಿ ಹೇಳಿದ. ಊಟಕ್ಕೆ ಸೊಲ್ಲಾಪುರದ್ದೇ ಒಂದು ದೊಡ್ಡ ಹೋಟೆಲು, ಗಚ್ಚಿಯ ಮೇಲೆ ಮೇಜು, ರಾತ್ರಿ ಎಂಟಕ್ಕೆ. ಈ ಸಲ ಕಾಕಾ ಫೋನಿನಲ್ಲಿ ಒಂದು ಹೊಸ ಷರತ್ತು ಹಾಕಿದರು: ನಮಗೆ ಬಡಿಸುವವರು ಅದಕ್ಕೂ ಮುಂಚೆ ಊಟ ಮಾಡಿರಬೇಕು!

ದಂಡೆಯಲ್ಲಿ ಕಾಕು ಎಂದಿನಂತೆ ಚಪ್ಪಲಿಗಳ ಪಕ್ಕ ಕುಳಿತಳು. ಕಾಕಾ ಕೇಸರಿ ಬಣ್ಣದ ಜಾಕೆಟ್ಟು ತೊಟ್ಟು, “ನೀ ಬರಲಿಲ್ಲಂದ್ರ ನಾ ಒಬ್ಬನ ಹೋಗ್ತೀನಿ” ಎಂದು ದೋಣಿಗೆ ಕಾಲಿಟ್ಟರು. ದೋಣಿ ಒಂದು ಬದಿಗೆ ವಾಲಿತು.

“ಈಜಾಕ ಬರೂದಿಲ್ಲ, ಒಬ್ಬರ ಎಲ್ಲಿ ಹೋಗ್ತೀರಿ?” ಎನ್ನುತ್ತ ಕಾಕು ಎದ್ದಳು. ಸೀರೆಯ ಮೇಲೆ ಜಾಕೆಟ್ಟು ಬಿಗಿಸಿಕೊಂಡು ಮುಂದೆ ಕುಳಿತಳು. ಹಿಂದೆ ಕಾಕಾ ಹುಟ್ಟು ಹಾಕಿದರು. ದೋಣಿ ಗಾಣದೆತ್ತಿನ ಹಾಗೆ ನಿಂತಲ್ಲೇ ಸುತ್ತಿತು. ಕಾಕಾ ಇನ್ನೂ ಜೋರು ಮಾಡಿದರು. ದೋಣಿ ಇನ್ನೂ ಜೋರಾಗಿ ಸುತ್ತಿತು. ಸ್ವಲ್ಪ ಹೊತ್ತು ತಾಳಿಕೊಂಡ ಕಾಕು ಕೊನೆಗೆ ಹಿಂದಕ್ಕೆ ಕೈ ಚಾಚಿ, “ತರ್ರಿ ಇಲ್ಲಿ” ಎಂದು ಹುಟ್ಟು ಕಿತ್ತುಕೊಂಡಳು.

ನಾನು ದಂಡೆಯಲ್ಲಿ ಬಾಯಿ ತೆರೆದು ನಿಂತೆ. ಕಾಕು ಈ ಕಡೆ ಒಮ್ಮೆ, ಆ ಕಡೆ ಒಮ್ಮೆ ನೀರು ಎಳೆದಳು. ದೋಣಿ ನೆಟ್ಟಗಾಯಿತು, ಹೊರಟಿತು. ವರ್ಷಗಟ್ಟಲೆ ಭಕ್ಕರಿ ಬಡಿದ ಕೈಗಳು ತಮ್ಮ ಶಕ್ತಿಯನ್ನು ಎಲ್ಲಿ ಅಡಗಿಸಿಟ್ಟಿದ್ದವೋ! ಹಕ್ಕಿಗಳು ಕೂತಿದ್ದ ಆಚೆ ದಂಡೆಯ ಹತ್ತಿರ ನಿಂತು ದಮ್ಮು ತೆಗೆದುಕೊಂಡಳು, ಮತ್ತೆ ತಿರುಗಿಸಿದಳು. ಕಾಕಾ ಹಿಂದೆ ಮದುಮಗನ ಹಾಗೆ ಕೈಜೋಡಿಸಿ ಕುಳಿತಿದ್ದರು. ದಂಡೆಗೆ ಬಂದಾಗ ಅವಳ ಮುಖ ಕೆಂಪೇರಿತ್ತು, ಸೆರಗು ತೊಯ್ದಿತ್ತು. ಕಲ್ಲಿನ ಮೇಲೆ ಕುಳಿತು ಸೆರಗು ಹಿಂಡುತ್ತ, ಯಾರಿಗೆಂದಿಲ್ಲದೆ ಹೇಳಿದಳು:

“ನನಗ ಹಸಿವಾಗ್ಯಾದ.”

ಹಸಿವಾಗ್ಯಾದೇನು ಎಂದು ಅವಳು ನಮ್ಮನ್ನು ಕೇಳಿದ್ದು ನನ್ನ ಜೀವಮಾನವಿಡೀ ಕೇಳಿದ್ದೇನೆ. ನನಗೆ ಹಸಿವಾಗಿದೆ ಎಂಬ ಮಾತು ಅವಳ ಬಾಯಿಂದ ಜ್ವರದ ಮೊದಲೂ ನಾನು ಕೇಳಿರಲಿಲ್ಲ.

ಆಗ ಗಂಟೆ ನಾಲ್ಕು. ಹೋಟೆಲಿನ ಮೇಜು ಎಂಟಕ್ಕೆ. ಕಾಕಾ ಗಡಿಯಾರವನ್ನು ನೋಡಲೇ ಇಲ್ಲ. ರಸ್ತೆಯ ಬದಿಗಿದ್ದ ತಗಡಿನ ಖಾನಾವಳಿಯ ಕಡೆಗೆ ಓಡಿದರು. ಖಾನಾವಳಿ ನಡೆಸುವ ಹೆಂಗಸು, ಮಧ್ಯಾಹ್ನದ ಅಡುಗೆ ಮುಗಿದಿದೆ, ಒಂದಿಷ್ಟು ಭಕ್ಕರಿ, ಕಡಲೆಹಿಟ್ಟಿನ ಝುಣಕಾ ಉಳಿದಿರಬಹುದು ಎಂದಳು. ಕಾಕಾ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎಳೆದು, ಅಂಗೈಯಿಂದ ಧೂಳು ಒರೆಸಿ, ಕಾಕುವನ್ನು ಕೂಡಿಸಿದರು. ತಾಟು ತಾವೇ ತಂದರು.

“ನಿಮ್ಮದು? ಪೋರೀನೂ ಉಂಡಿಲ್ಲ...” ಕಾಕು ಅರ್ಧ ಎದ್ದಳು.

ಕಾಕಾ ಅವಳ ಹೆಗಲ ಮೇಲೆ ಕೈಯಿಟ್ಟರು. “ಕೂಡ್ರು. ಇವತ್ತ ನಾ ಬಡಸ್ತೀನಿ.”

ಕಾಕು ಅವರ ಮುಖವನ್ನು ನೋಡಿದಳು. ಆಮೇಲೆ ಕುಳಿತಳು, ಭಕ್ಕರಿ ಮುರಿದಳು, ಉಂಡಳು. ಒಂದು ಮುಗಿದ ಮೇಲೆ ಕೇಳದೆಯೇ ಕಾಕಾ ಇನ್ನೊಂದು ಹಾಕಿದರು. “ಝುಣಕಾ ಇನ್ನೊಂಚೂರು” ಎಂದು ಅವಳೇ ಬೇಡಿದಾಗ ಪಾತ್ರೆಯನ್ನು ಬಗ್ಗಿಸಿ ಕೆರೆದು ತಂದರು. ಬಡಿಸಿ ರೂಢಿಯಿಲ್ಲದ ಕೈ, ಅರ್ಧ ತಾಟಿನ ಹೊರಗೆ ಚೆಲ್ಲಿತು. ನನಗೂ ಹೊಟ್ಟೆ ಚುರುಗುಟ್ಟುತ್ತಿತ್ತು, ಆದರೆ ನಾನು ಕುಳಿತುಕೊಳ್ಳಲಿಲ್ಲ.

ಅವಳು ಕೈ ತೊಳೆದ ಮೇಲೆ ಬುಟ್ಟಿಯಲ್ಲಿ ಉಳಿದದ್ದು ಸೀದ ಒಂದು ಭಕ್ಕರಿ, ಪಾತ್ರೆಯ ತಳಕ್ಕೆ ಅಂಟಿದ ಝುಣಕಾ. ಕಾಕಾ ಭಕ್ಕರಿಯ ಒಂದು ಚೂರು ಮುರಿದು ನನ್ನ ಕೈಗಿತ್ತರು. ಉಳಿದದ್ದನ್ನು ಅವಳು ಉಂಡ ತಾಟಿಗೇ ಹಾಕಿಕೊಂಡು ಹೊಸ್ತಿಲ ಮೇಲೆ ಕುಳಿತು ತಿನ್ನತೊಡಗಿದರು. ಕಾಕು ಎದ್ದು ಬರಲಿಲ್ಲ. ಕುರ್ಚಿಯ ಮೇಲೆ ಒರಗಿ, ಹೊಟ್ಟೆ ತುಂಬಿದವಳಾಗಿ, ಗಂಡ ಉಣ್ಣುವುದನ್ನು ನೋಡುತ್ತ ಕುಳಿತಳು.