ನಾನು ಮೋತಿ ಎಂದು ಕರೆದ ಪ್ರಾಣಿ

ಅನುಮಾನಕ್ಕೂ ನನಗೂ ಇರುವ ಸಂಬಂಧ ನನ್ನ ಮದುವೆಗಿಂತ ಹಳೆಯದು. ತೂಕ-ಅಳತೆ ಇಲಾಖೆಯಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಟರನಾಗಿ ದುಡಿದವನು ನಾನು. ಕಲಬುರಗಿಯ ಯಾವ ಅಂಗಡಿಗೆ ಹೋದರೂ ತಕ್ಕಡಿಯ ತಟ್ಟೆಯಡಿಗೆ ಏನು ಅಂಟಿಸಿರಬಹುದೆಂದು ನನ್ನ ಕೈ ತಾನಾಗಿ ತಡಕುತ್ತದೆ. ನಿವೃತ್ತಿಯಾದ ದಿನ ಇಲಾಖೆಯವರು ಜೀಪು, ಮೊಹರು, ರಜಿಸ್ಟರು ಎಲ್ಲವನ್ನೂ ವಾಪಸು ಪಡೆದರು. ಅನುಮಾನವನ್ನು ಮಾತ್ರ ಕೇಳಲಿಲ್ಲ. ಅದು ನನ್ನ ಹಿಂದೆಯೇ ಐವಾನ್-ಎ-ಶಾಹಿ ಬಡಾವಣೆಯ ನಮ್ಮ ಮನೆಗೆ ಬಂತು. ಹಾಲು ಉಕ್ಕಿತೆಂದು ಹೆಂಡತಿ ಸುಮಿತ್ರಾ ಹೇಳಿದರೆ ನಾನು ಒಲೆಯವರೆಗೆ ಹೋಗಿ ನೋಡಿ ಬರುತ್ತೇನೆ. ತಲೆನೋವು ಎಂದರೆ ಯಾವ ಕಡೆ, ಎಷ್ಟು ಹೊತ್ತಿನಿಂದ ಎಂದು ವಿಚಾರಣೆ ಮಾಡುತ್ತೇನೆ. ಇದಕ್ಕಾಗಿ ಆಕೆ ಒಮ್ಮೆಯೂ ಜಗಳವಾಡಿದವಳಲ್ಲ. ಯಾಕೆ ಆಡುವುದಿಲ್ಲ ಎಂದು ಅದರ ಬಗ್ಗೆಯೂ ನನಗೆ ಅನುಮಾನವಿತ್ತು.

ಇಂಥ ಸುಮಿತ್ರಾಳಿಗೆ ಸೀರೆ ಅಂಗಡಿಯ ಲಕ್ಕಿ ಡ್ರಾದಲ್ಲಿ ಬಹುಮಾನ ಬಂತು. ಕಮಲಾಪುರದ ಆಚೆ ಹೊಸದಾಗಿ ಆಗಿರುವ ಸಫಾರಿ ರೆಸಾರ್ಟಿನಲ್ಲಿ ಇಬ್ಬರಿಗೆ ಒಂದು ದಿನದ ವಾಸ, ಊಟ ಮತ್ತು ವನ್ಯಪ್ರಾಣಿ ದರ್ಶನ. ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದೆ. ನಮ್ಮ ಕಡೆ ಬಿಸಿಲೊಂದನ್ನು ಬಿಟ್ಟರೆ ವನ್ಯವಾದದ್ದು ಏನಿದೆ?

“ಪುಕ್ಕಟೆ ಯಾರರೆ ಕರೀತಾರೇನು? ಅಲ್ಲಿ ಕುಂಡ್ರಿಸಿ ಪ್ಲಾಟ್ ಮಾರ್ತಾರ ನೋಡು,” ಎಂದೆ.

“ಮಾರಲಿ ಬಿಡ್ರಿ. ನೀವಂತೂ ತಗೊಳ್ಳೋರಲ್ಲ. ನಂಗೊಂದು ಜಿಂಕಿ ನೋಡಬೇಕು, ಅಷ್ಟ,” ಎಂದು ಆಕೆ ಚೀಲ ತುಂಬತೊಡಗಿದಳು.

ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರ ಬಂದಾಗ ಕೆಂಪು ಬಾಳೆಹಣ್ಣು ಕೊಳ್ಳಲು ಕಾರು ನಿಲ್ಲಿಸಿದೆವು. ಇವು ಕಮಲಾಪುರದ್ದೇ ಹೌದೋ, ಬೇರೆ ಊರಿಂದ ತಂದಿಟ್ಟದ್ದೋ ಎಂದು ಮಾರುವ ಹೆಣ್ಣುಮಗಳನ್ನು ಕೇಳಿದೆ. ಆಕೆ ತನ್ನ ಹಿಂದಿದ್ದ ಬಾಳೆಯ ತೋಟದತ್ತ ಹೆಬ್ಬೆರಳು ತೋರಿಸಿದಳು. ಆಮೇಲೆ ಸುಮಿತ್ರಾಳ ಕಡೆ ತಿರುಗಿ, “ಮನ್ಯಾಗೂ ಹಿಂಗ ಏನ್ರಿ ಅಕ್ಕಾ?” ಎಂದಳು. ಸುಮಿತ್ರಾ ಆಕೆಯಿಂದ ಇನ್ನೂ ಅರ್ಧ ಡಜನ್ ಹೆಚ್ಚಿಗೆ ಕೊಂಡಳು.

ರೆಸಾರ್ಟಿನ ಬಾಗಿಲಲ್ಲೇ ಸಿಮೆಂಟಿನ ಜಿರಾಫೆ ನಿಂತಿತ್ತು. ಹೈದರಾಬಾದ್ ಕರ್ನಾಟಕದಲ್ಲಿ ಜಿರಾಫೆ! ನನ್ನ ಅನುಮಾನಕ್ಕೆ ಅಲ್ಲೇ ಮೊದಲ ಸಾಕ್ಷಿ ಸಿಕ್ಕಿತು. ಕೋಣೆಗಳು ಡೇರೆಯ ಆಕಾರದವು, ದಿಂಬಿಗೆ ಹುಲಿಪಟ್ಟೆ. ಊಟದ ಪಟ್ಟಿಯಲ್ಲಿದ್ದ ‘ಕಾಡುರೊಟ್ಟಿ’ ತಟ್ಟೆಗೆ ಬಂದಾಗ ನಮ್ಮ ಮನೆಯ ಜೋಳದ ರೊಟ್ಟಿಯೇ ಆಗಿತ್ತು. ರೊಟ್ಟಿಗೇ ಸುಳ್ಳು ಹೆಸರಿಡುವವರು ಪ್ರಾಣಿಗಳಿಗೆ ಇಡದೆ ಬಿಡುತ್ತಾರೆಯೇ?

ಸಂಜೆ ಐದಕ್ಕೆ ನಮ್ಮನ್ನು ಒಂದು ಮರದ ಅಟ್ಟಣಿಗೆ ಹತ್ತಿಸಿದರು. ಎದುರಿಗೆ ನೀರಿನ ಹೊಂಡ, ಅದರಾಚೆ ಹುಲ್ಲಿನ ಬಯಲು. ನಮ್ಮೊಡನೆ ಬೀದರಿನ ಗಂಡಹೆಂಡತಿ ಇದ್ದರು. ಪ್ರಾಣಿ ತೋರಿಸುವವನು ಖಾಜಾ, ಕಲಬುರಗಿಯ ಮೋಮಿನಪುರದವನು, ನಡುವಯಸ್ಸಿನ ತೆಳ್ಳನೆಯ ಮನುಷ್ಯ. “ಎಷ್ಟೇ ಆಸೆ ಆದ್ರೂ ತೆಳಗ ಇಳೀಬ್ಯಾಡ್ರಿ ಸಾಹೇಬ್ರ. ಇಲ್ಲಿ ಬೇಲಿ ಇಲ್ಲ,” ಎಂದು ಮೊದಲೇ ಹೇಳಿದ. ಕೆಳಗಿಳಿದರೆ ಇವನ ಬಣ್ಣ ಬಯಲಾಗುತ್ತದೆ, ಅದಕ್ಕೇ ಬೇಡ ಎನ್ನುತ್ತಾನೆ ಎಂದುಕೊಂಡೆ.

ಮೊದಲು ನವಿಲು ಬಂತು. ಬಸ್ಸಿನಿಂದ ಇಳಿದಂತೆ ಖಾಜಾ ಹೇಳಿದ ಹೊತ್ತಿಗೇ ಬಂತು, ಸಾಕಿದ್ದೇ ಇರಬೇಕು. ಆಮೇಲೆ ದೂರದಲ್ಲಿ ನಾಲ್ಕು ಕೃಷ್ಣಮೃಗ. ಸುಮಿತ್ರಾ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಅಷ್ಟು ದೂರದಲ್ಲಿ ಆಡಿಗೂ ಕೊಂಬು ಹಾಗೆಯೇ ಕಾಣುತ್ತದೆ ಎಂದು ಹೇಳಹೊರಟವನು ಆಕೆಯ ಮುಖ ನೋಡಿ ಸುಮ್ಮನಾದೆ. ಸ್ವಲ್ಪ ಹೊತ್ತಿಗೆ ಪೊದೆಯ ಮರೆಯಿಂದ ಬೂದುಬಣ್ಣದ ಪ್ರಾಣಿಯೊಂದು ಹೊಂಡದ ದಂಡೆಗೆ ಬಂದು ಕುಳಿತು, ಹಿಂಗಾಲಿನಿಂದ ಕಿವಿ ಕೆರೆದುಕೊಂಡಿತು.

“ತೋಳ,” ಎಂದು ಖಾಜಾ ಪಿಸುಗುಟ್ಟಿದ. “ನಸೀಬ ಚಲೋ ಅದ ನಿಮ್ದು. ತಿಂಗಳಿಗೊಮ್ಮಿ ಕಂಡ್ರ ಹೆಚ್ಚು.”

“ಇದು ಕುರಿ ಕಾಯೋರ ನಾಯಿ,” ಎಂದೆ ನಾನು.

“ಬಾಲ ನೋಡ್ರಿ, ತೆಳಗ ಬಿಟ್ಟದ. ನಾಯಿದು ಮ್ಯಾಲ ಸುತ್ತಿರ್ತದ.”

“ಬಾಲ ಬಿಡಲಿಕ್ಕೆ ನೀವೇ ಕಲಿಸಿರಬೇಕು.”

ಬೀದರಿನವರು ನಕ್ಕರು. ಖಾಜಾ ನಗಲಿಲ್ಲ. ಅವನ ಮುಖ ಸಣ್ಣದಾದದ್ದು ನನಗೆ ಕಂಡಿತು. ತಕ್ಕಡಿಗೆ ಕೈ ಹಾಕಿದಾಗ ಅಂಗಡಿಯವರ ಮುಖವೂ ಹೀಗೆಯೇ ಸಣ್ಣದಾಗುತ್ತಿತ್ತು. ಮೋಸಗಾರನ ಮುಖವೂ ನೊಂದವನ ಮುಖವೂ ಒಂದೇ ರೀತಿ ಕಾಣುತ್ತವೆ ಎಂಬುದನ್ನು ಇಲಾಖೆಯಲ್ಲಿ ಯಾರೂ ನಮಗೆ ಕಲಿಸಿರಲಿಲ್ಲ. ಅವನು ಬೀದರಿನವರಿಗೆ ದುರ್ಬೀನು ಹಿಡಿಯುವುದನ್ನು ತೋರಿಸುತ್ತಿದ್ದಾಗ ನಾನು ಮೆಲ್ಲನೆ ಏಣಿ ಇಳಿದೆ.

ಹುಲ್ಲಿನಲ್ಲಿ ನೆಟ್ಟಗೆ ನಡೆದೆ. ಇಪ್ಪತ್ತು ಹೆಜ್ಜೆಯ ಅಂತರದಲ್ಲಿ ನಿಂತು, ನಾಲಿಗೆಯಿಂದ ಚೊಚ್ಚೊಚ್ಚೊ ಎಂದು ಸದ್ದು ಮಾಡಿ, “ಮೋತಿ, ಬಾರಲೇ ಮೋತಿ,” ಎಂದು ಕರೆದೆ. ನಮ್ಮ ಕಡೆಯ ನಾಯಿಗಳಲ್ಲಿ ಅರ್ಧಕ್ಕರ್ಧ ಈ ಹೆಸರಿಗೆ ಓಗೊಡುತ್ತವೆ.

ಅದು ತಲೆಯೆತ್ತಿ ನೋಡಿತು. ಹಳದಿ ಕಣ್ಣು. ನಾಯಿ ಮನುಷ್ಯನನ್ನು ನೋಡುವಾಗ ಏನನ್ನಾದರೂ ಕೇಳುತ್ತದೆ: ರೊಟ್ಟಿ ಇದೆಯಾ, ಹೊಡೆಯುತ್ತೀಯಾ, ಬರಲಾ. ಈ ಕಣ್ಣು ನನ್ನನ್ನು ಏನೂ ಕೇಳಲಿಲ್ಲ. ಎದ್ದು ನಿಂತಾಗ ಅದರ ಕಾಲುಗಳು ಯಾವ ನಾಯಿಗೂ ಇರದಷ್ಟು ಉದ್ದವಾಗಿದ್ದವು. ನನ್ನ ಕಾಲುಗಳೋ, ಇವೆಯೋ ಇಲ್ಲವೋ ಎಂದು ಅನುಮಾನ ಬರುವ ಸ್ಥಿತಿಯಲ್ಲಿದ್ದವು.

ಹಿಂದಿನಿಂದ ಯಾರೋ ನನ್ನ ಅಂಗಿಯ ತುದಿ ಹಿಡಿದರು. “ತಿರುಗಬ್ಯಾಡ್ರಿ. ಓಡಬ್ಯಾಡ್ರಿ. ಹಂಗ ಹಿಂದಕ್ಕ ಹೆಜ್ಜಿ ಇಡ್ರಿ,” ಎಂದಳು ಸುಮಿತ್ರಾ. ಆಕೆಯ ಇನ್ನೊಂದು ಕೈಯಲ್ಲಿ ಚಹಾದ ಥರ್ಮಾಸು ಇತ್ತು. ತೋಳ ಬಂದರೆ ಅದರಿಂದಲೇ ಹೊಡೆಯುವವಳಿದ್ದಳಂತೆ. ಮದುವೆಯ ದಿನದ ಸಪ್ತಪದಿಯನ್ನು ನಾವು ಆ ಸಂಜೆ ಹಿಮ್ಮುಖವಾಗಿ ತುಳಿದೆವು. ತೋಳ ನಮ್ಮನ್ನು ಕೊಂಚ ಹೊತ್ತು ನೋಡಿ, ನೀರು ಕುಡಿದು, ಬಂದ ದಾರಿಯಲ್ಲೇ ಹೋಯಿತು.

ಏಣಿಯ ಬುಡದಲ್ಲಿ ಖಾಜಾ ಕೋಲು ಹಿಡಿದು ನಿಂತಿದ್ದ. “ನಿಮಗೇನರೆ ಆಗಿದ್ರ ನಿಮ್ಮ ಜೀವ, ನನ್ನ ನೌಕರಿ, ಎರಡೂ ಹೋಗ್ತಿದ್ವು ಸಾಹೇಬ್ರ. ಜನ ಹೆದರಿ ಆ ತೋಳನೂ ಹೊಡದು ಹಾಕ್ತಿದ್ರು,” ಎಂದ. ದನಿ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

“ತಪ್ಪಾಯ್ತಪ್ಪ,” ಎಂದೆ. ಸೇವೆಯಲ್ಲಿದ್ದಷ್ಟು ಕಾಲ ಈ ಮಾತನ್ನು ಬೇರೆಯವರ ಬಾಯಿಂದ ಕೇಳಿದ್ದೆನೇ ಹೊರತು ನಾನು ಆಡಿರಲಿಲ್ಲ. ಸುಮಿತ್ರಾ ಥರ್ಮಾಸಿನ ಚಹಾವನ್ನು ಮೊದಲು ಅವನಿಗೆ ಕೊಟ್ಟಳು.

ಊರಿಗೆ ಬಂದ ಮೇಲೆ, ತೋಳದ ಮುಂದೆ ನಿಂತುಬಂದವನೆಂಬ ಹೆಮ್ಮೆ ನಿಧಾನವಾಗಿ ನನ್ನಲ್ಲಿ ತಲೆ ಎತ್ತಿತು. ಎದುರುಮನೆಯ ವಸಂತರಾಯರನ್ನು ಕರೆದು ಕೂಡಿಸಿ ಎಲ್ಲ ಹೇಳಿದೆ. ಮೋತಿ ಎಂದು ಕರೆದ ಭಾಗವನ್ನಷ್ಟೇ ಬಿಟ್ಟೆ. ಬೀದರಿನವರು ಅಟ್ಟಣಿಗೆಯಿಂದ ತೆಗೆದು ಕಳಿಸಿದ ಫೋಟೋ ತೋರಿಸಿದೆ. ರಾಯರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಇದು ನಿಮ್ಮ ಬೆನ್ನು ಅದ. ತೋಳ ಎಲ್ಲದ?”

“ನನ್ನ ಮುಂದ ಅದ. ನಾ ಅಡ್ಡ ಬಂದೀನಿ.”

“ನಾಯಿ ಇರಬೇಕು ಬಿಡ್ರಿ. ಆ ರೆಸಾರ್ಟಿನವರು ಏನರೆ ಹೇಳ್ತಾರ, ನೀವು ನಂಬ್ತೀರಿ,” ಎಂದರು ರಾಯರು.

ನನ್ನನ್ನು! ನಂಬುವವನು ಎಂದು! ಮೈ ಉರಿದುಹೋಯಿತು. ಚಹಾ ತಂದ ಸುಮಿತ್ರಾಳನ್ನು ಸಾಕ್ಷಿಗೆ ಕರೆದೆ. “ಹೇಳು, ಅದು ತೋಳ ಹೌದಲ್ಲೋ?”

ಆಕೆ ಕಪ್ಪುಗಳನ್ನು ಒಂದೊಂದಾಗಿ ಇಟ್ಟಳು. “ತೋಳನೋ ನಾಯಿನೋ ನಂಗೇನು ಗೊತ್ರಿ. ನಾ ಅದನ್ನ ನೋಡ್ಲೇ ಇಲ್ಲ. ನಾ ಇವರನ್ನ ನೋಡಾಕತ್ತಿದ್ದೆ,” ಎಂದು ಒಳಗೆ ಹೋದಳು.

ರಾಯರು ನಕ್ಕು ಚಹಾ ಕುಡಿದರು. ನನಗೆ ಚಹಾ ಇಳಿಯಲಿಲ್ಲ. ಇದು ಪ್ರೀತಿಯ ಮಾತೋ, ಇಷ್ಟು ವರ್ಷಗಳ ನನ್ನ ವಿಚಾರಣೆಗೆಲ್ಲ ಸೇರಿಸಿ ಒಂದೇ ಸಲಕ್ಕೆ ಕೊಟ್ಟ ಉತ್ತರವೋ? ಖಾತ್ರಿ ಮಾಡಿಕೊಳ್ಳಲು ಅಡುಗೆಮನೆಯ ಬಾಗಿಲವರೆಗೆ ಹೋದೆ. ಆಕೆ ಒಲೆಯ ಕಡೆ ಮುಖ ಮಾಡಿ ಒಬ್ಬಳೇ ನಗುತ್ತಿದ್ದಳು. ಯಾಕೆ ಎಂದು ಕೇಳಲು ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡು ಬಂದು ಕುಳಿತೆ. ಕೇಳಿದರೆ ಎಲ್ಲಿ ಹೇಳಿಬಿಡುತ್ತಾಳೋ ಎಂದು ಹೆದರಿಕೆ.